ಅಲಾಸ್ಕಾದ ಸ್ಕ್ಯಾಗ್ವೇಯಲ್ಲಿ ನಿಜಕ್ಕೂ ಎಷ್ಟು ಜನ ಇದ್ದಾರೆ? ಅಲ್ಲಿ ವರ್ಷಪೂರ್ತಿ ಇರಲು ಆಗುತ್ತದೆಯೇ?

ನೀವು ಕೇಳಿರುವುದು ಎರಡು ಪ್ರಶ್ನೆ. ನೀವಿರುವ ಸಿಯಾಟಲ್‌ನಿಂದ ಕ್ರೂಸ್‌ನಲ್ಲಿ ಹೋಗಿ ಸ್ಕ್ಯಾಗ್ವೇ ನೋಡಿದಿರಿ, ಜನಸಂಖ್ಯೆ 1,240 ಅಂತ ಓದಿದ್ದಿರಿ, ಆದರೆ ಬ್ರಾಡ್‌ವೇ ಬೀದಿಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ಹಾಗಾದರೆ ಆ ಲೆಕ್ಕ ಸರಿಯೇ ಎಂಬುದು ಒಂದು. ಗಂಡ ಹೆಂಡತಿ ಇಬ್ಬರದೂ ಎಚ್‌-1ಬಿ ಕೆಲಸದ ವೀಸಾ, ಇಬ್ಬರಿಗೂ ರಿಮೋಟ್ ಕೆಲಸ, ಒಂದು ವರ್ಷ ಅಲ್ಲೇ ಇದ್ದರೆ ಹೇಗೆ ಎಂಬುದು ಇನ್ನೊಂದು. ಎರಡಕ್ಕೂ ಉತ್ತರ ನಿಂತಿರುವುದು ಯಾವ ತಿಂಗಳು ಎಂಬುದರ ಮೇಲೆ.

1,240 ಎಂಬುದು 2020ರ ಜನಗಣತಿಯ ಲೆಕ್ಕ, ಇಡೀ ಬರೋಗೆ ಸೇರಿದ್ದು. ಬರೋ ಅಂದರೆ ನಮ್ಮ ತಾಲ್ಲೂಕಿನಂಥ ಆಡಳಿತ ಘಟಕ ಅಂದುಕೊಳ್ಳಿ, ಸ್ಕ್ಯಾಗ್ವೇಗೆ ಆ ಸ್ಥಾನ ಬಂದದ್ದು 2007ರಲ್ಲಿ. 2010ರಲ್ಲಿ ಇದೇ ಲೆಕ್ಕ 968 ಇತ್ತು. ಅಮೆರಿಕದ ಜನಗಣತಿ ಏಪ್ರಿಲ್ 1ರಂದು ಯಾರು ಎಲ್ಲಿ ವಾಸವಿದ್ದಾರೆ ಎಂದು ಕೇಳುತ್ತದೆ. ಕ್ರೂಸ್ ಹಡಗುಗಳ ಸೀಸನ್ ಶುರುವಾಗುವುದು ಏಪ್ರಿಲ್ ಕೊನೆಗೆ, ಮುಗಿಯುವುದು ಅಕ್ಟೋಬರ್‌ನಲ್ಲಿ. ಹೀಗಾಗಿ ಗಣತಿಯಲ್ಲಿ ಸಿಗುವುದು ಹೆಚ್ಚುಕಡಿಮೆ ಊರಿನವರೇ. ಬೇಸಿಗೆಯ ಕೆಲಸಕ್ಕೆ ಬರುವವರು ಸೇರಿದರೆ ರಾತ್ರಿ ಅಲ್ಲೇ ಮಲಗುವವರ ಸಂಖ್ಯೆ ಸುಮಾರು ದುಪ್ಪಟ್ಟಾಗುತ್ತದೆ. ಅದರ ಮೇಲೆ, ನಾಲ್ಕು ದೊಡ್ಡ ಹಡಗು ಒಟ್ಟಿಗೆ ಬಂದ ದಿನ ದಡಕ್ಕಿಳಿಯುವ ಪ್ರವಾಸಿಗಳು 10,000 ದಾಟುತ್ತಾರೆ. ಸಂಜೆ ಹಡಗು ಹೊರಟರೆ ಅವರಷ್ಟೂ ಜನ ಖಾಲಿ. ನಿಮ್ಮ ಕಣ್ಣಿಗೆ ಬಿದ್ದದ್ದು ಈ ಮೂರನೆಯ ಗುಂಪು.

ಊರು ಹುಟ್ಟಿದ್ದೇ ಇಂಥ ಏರಿಳಿತದಿಂದ. 1897-98ರಲ್ಲಿ ಕೆನಡಾದ ಯೂಕಾನ್ ಪ್ರದೇಶದ ಕ್ಲೊಂಡೈಕ್ ಚಿನ್ನದ ಹುಚ್ಚು ಹತ್ತಿದಾಗ ಇಲ್ಲಿ ಸಾವಿರಗಟ್ಟಲೆ ಜನ ಬಂದು ಟೆಂಟು ಹೊಡೆದರು. 1900ರ ಗಣತಿಗೆ ಮೂರು ಸಾವಿರ ಚಿಲ್ಲರೆ, 1930ಕ್ಕೆ ಐನೂರರೊಳಗೆ. ವೈಟ್ ಪಾಸ್ ರೈಲು 1900ರಲ್ಲಿ ಕೆನಡಾದ ವೈಟ್‌ಹಾರ್ಸ್ ತನಕ ಮುಟ್ಟಿತು. ಚಿನ್ನ ಮುಗಿದ ಮೇಲೂ ಯೂಕಾನಿನ ಅದಿರು ಹೊತ್ತು ಊರನ್ನು ಉಳಿಸಿದ್ದು ಅದೇ. 1982ರಲ್ಲಿ ಯೂಕಾನಿನ ಫಾರೋ ಗಣಿ ಮುಚ್ಚಿತು, ಹಿಂದೆಯೇ ರೈಲೂ ನಿಂತಿತು. 1988ರಲ್ಲಿ ಅದೇ ರೈಲು ಪ್ರವಾಸಿಗಳಿಗಾಗಿ ಮತ್ತೆ ಓಡತೊಡಗಿತು. ಅಂದಿನಿಂದ ಊರಿನ ಹೊಟ್ಟೆಪಾಡು ಹಡಗಿನ ಮೇಲೆ. 2019ರಲ್ಲಿ ಬಂದ ಕ್ರೂಸ್ ಪ್ರಯಾಣಿಕರು ಹತ್ತು ಲಕ್ಷದ ಆಸುಪಾಸು. 2020ರಲ್ಲಿ ಕೋವಿಡ್ಡಿನಿಂದ ದೊಡ್ಡ ಹಡಗು ಒಂದೂ ಬರಲಿಲ್ಲ. ಆಗ ಬರೋ ಆಡಳಿತ ಕೇಂದ್ರ ಸರ್ಕಾರದ ಪರಿಹಾರದ ಹಣದಲ್ಲಿ ಪ್ರತಿ ನಿವಾಸಿಗೂ ತಿಂಗಳಿಗೆ 1,000 ಡಾಲರ್ ಕೊಟ್ಟು ಜನ ಊರು ಬಿಡದಂತೆ ನೋಡಿಕೊಂಡಿತು. ಇಷ್ಟು ಚಿಕ್ಕ ಊರಿನ ಆಡಳಿತದ ಬಗ್ಗೆ ನನಗೆ ತುಂಬ ಗೌರವ ಹುಟ್ಟಿಸಿದ ನಿರ್ಧಾರ ಅದು.

ಇನ್ನು ಬದುಕಿನ ವಿಷಯ. ನಕ್ಷೆ ತೆಗೆದು ನೋಡಿ: ಲಿನ್ ಕೆನಾಲ್ ಎಂಬ ಉದ್ದನೆಯ ಕೊಲ್ಲಿಯ ಉತ್ತರದ ತುದಿ, ಎರಡೂ ಕಡೆ ಕಡಿದಾದ ಬೆಟ್ಟ, ನಡುವೆ ನದಿ ತಂದು ಹಾಕಿದ ಸಪಾಟು ಮಣ್ಣಿನ ಪಟ್ಟಿ. ಆ ಪಟ್ಟಿಯಲ್ಲೇ ಮನೆ, ಅಂಗಡಿ, ರೈಲು ನಿಲ್ದಾಣ, ವಿಮಾನದ ರನ್‌ವೇ ಎಲ್ಲ. ಊರಿನ ಅಗಲ ನಾಲ್ಕೈದು ಬೀದಿ ಅಷ್ಟೇ. ಮನೆ ಕಟ್ಟಲು ಜಾಗವಿಲ್ಲ ಎಂಬುದೇ ಇಲ್ಲಿಯ ಮುಖ್ಯ ತೊಂದರೆ, ಅದಕ್ಕೆ ಆಮೇಲೆ ಬರುತ್ತೇನೆ.

ಹೊರಗಿನಿಂದ ಬರಲು ಮೂರು ದಾರಿ ಇವೆ. ಮೂರೂ ಒಂದೊಂದು ಕಾರಣಕ್ಕೆ ಕೈಕೊಡುತ್ತವೆ.

ವಿಮಾನ: ಅಲಾಸ್ಕಾದ ರಾಜಧಾನಿ ಜೂನೋದಿಂದ ಮುಕ್ಕಾಲು ಗಂಟೆ, ಹತ್ತು ಜನ ಕೂಡಬಹುದಾದ ಸಣ್ಣ ವಿಮಾನ. ಪೈಲಟ್ ಕಣ್ಣಿಂದ ದಾರಿ ನೋಡಿಕೊಂಡೇ ಹಾರಿಸಬೇಕು. ಕಣಿವೆಯಲ್ಲಿ ಮೋಡ ಕೆಳಗಿಳಿದರೆ, ಗಾಳಿ ಜೋರಾದರೆ ಹಾರಾಟ ರದ್ದು. ಚಳಿಗಾಲದಲ್ಲಿ ಸತತ ಎರಡು ಮೂರು ದಿನ ರದ್ದಾಗುವುದು ಅಪರೂಪವಲ್ಲ. ಆದ್ದರಿಂದ ಬೆಂಗಳೂರಿಗೆ ಹೊರಡುವುದಾದರೆ ಜೂನೋದಿಂದ ಸಿಯಾಟಲ್ ವಿಮಾನವನ್ನು ಅದೇ ದಿನಕ್ಕೆ ಬುಕ್ ಮಾಡಲೇಬೇಡಿ. ನಡುವೆ ಕನಿಷ್ಠ ಒಂದು ರಾತ್ರಿ, ಡಿಸೆಂಬರ್-ಜನವರಿಯಲ್ಲಿ ಎರಡು ರಾತ್ರಿ ಇಟ್ಟುಕೊಳ್ಳಿ.

ಫೆರಿ: ಅಲಾಸ್ಕಾ ಮರೀನ್ ಹೈವೇ ಅಂತ ರಾಜ್ಯ ಸರ್ಕಾರದ ಹಡಗು ಸೇವೆ, 1963ರಿಂದ ಇದೆ. ಕಾರು ಸಮೇತ ಹತ್ತಬಹುದು. ಹೇನ್ಸ್ ಊರಿಗೆ ಒಂದು ಗಂಟೆ, ಜೂನೋಗೆ ಆರೇಳು ಗಂಟೆ. ಜೂನೋ ಅಂದರೂ ಇಳಿಸುವುದು ಆಕ್ ಬೇ ಎಂಬಲ್ಲಿ, ಪೇಟೆಯಿಂದ 20 ಕಿ.ಮೀ. ಮೇಲೆ. ಚಳಿಗಾಲದಲ್ಲಿ ಹಡಗುಗಳು ವಾರ್ಷಿಕ ರಿಪೇರಿಗೆ ಹೋಗುವುದರಿಂದ ವಾರಕ್ಕೆ ಕೆಲವೇ ಸಲ ಓಡುತ್ತವೆ. ಒಬ್ಬರೇ ನಡೆದು ಹತ್ತುವುದಾದರೆ ಹೇಗೋ ಜಾಗ ಸಿಗುತ್ತದೆ, ಕಾರಿಗೆ ಮಾತ್ರ ಮುಂಗಡ ಬುಕಿಂಗ್ ಬೇಕೇ ಬೇಕು.

ರಸ್ತೆ: ಕ್ಲೊಂಡೈಕ್ ಹೆದ್ದಾರಿ, ವೈಟ್‌ಹಾರ್ಸ್‌ಗೆ ಸುಮಾರು 175 ಕಿ.ಮೀ. ಸಮುದ್ರ ಮಟ್ಟದಿಂದ ಹೊರಟು 25 ಕಿ.ಮೀ. ಒಳಗೇ ಸಾವಿರ ಮೀಟರ್ ಎತ್ತರದ ಘಾಟಿ ಹತ್ತುತ್ತದೆ. ಊರಲ್ಲಿ ಮಳೆ ಹನಿಯುತ್ತಿರುವಾಗ ಮೇಲೆ ಹಿಮ ಸುರಿದು ಎದುರಿನ ಕಂಬವೂ ಕಾಣದಂತಾಗಬಹುದು; ಹಿಮ ಜಾರಿ ರಸ್ತೆ ಮುಚ್ಚುವುದೂ ಉಂಟು. ಹೊರಡುವ ಮುನ್ನ ರಸ್ತೆಯ ಸ್ಥಿತಿ ತಿಳಿಸುವ ಅಲಾಸ್ಕಾ 511, ಯೂಕಾನ್ 511 ತಾಣ ಎರಡನ್ನೂ ನೋಡಬೇಕು, ಯಾಕೆಂದರೆ ಒಂದು ಕಡೆ ತೆರೆದು ಇನ್ನೊಂದು ಕಡೆ ಮುಚ್ಚಿರಬಹುದು. ಗಡಿಯ ಕಸ್ಟಮ್ಸ್ ಕಚೇರಿಗಳ ವೇಳೆ ಋತುವಿಗೆ ತಕ್ಕಂತೆ ಬದಲಾಗುತ್ತದೆ, ಅದನ್ನೂ ನೋಡಿ. ಗಡಿಯಾರದ ಗೊಂದಲ ಬೇರೆ: ಯೂಕಾನ್ 2020ರಿಂದ ಗಡಿಯಾರ ಹಿಂದೆಮುಂದೆ ಮಾಡುವುದನ್ನು ಬಿಟ್ಟಿದೆ, ಅಲಾಸ್ಕಾ ಬಿಟ್ಟಿಲ್ಲ. ಹಾಗಾಗಿ ವೈಟ್‌ಹಾರ್ಸ್ ಬೇಸಿಗೆಯಲ್ಲಿ ಒಂದು ಗಂಟೆ ಮುಂದೆ, ಚಳಿಗಾಲದಲ್ಲಿ ಎರಡು ಗಂಟೆ ಮುಂದೆ. ಅಲ್ಲಿಯ ಹಲ್ಲಿನ ಡಾಕ್ಟರ ಅಪಾಯಿಂಟ್‌ಮೆಂಟ್ ತಪ್ಪುವುದು ಹೀಗೆ.

ನಿಮಗೆ ಇಲ್ಲಿ ಒಂದು ವಿಶೇಷ ತೊಡಕಿದೆ. ಈ ರಸ್ತೆ ಕೆನಡಾಕ್ಕೆ ಹೋಗುತ್ತದೆ. ಭಾರತದ ಪಾಸ್‌ಪೋರ್ಟ್, ಎಚ್‌-1ಬಿ ಇದ್ದವರಿಗೆ ಕೆನಡಾ ವಿಸಿಟರ್ ವೀಸಾ ಬೇಕು. ಗ್ರೀನ್ ಕಾರ್ಡ್ ಇದ್ದವರಿಗೆ ಬೇಡ, ಪಾಸ್‌ಪೋರ್ಟ್ ಮತ್ತು ಕಾರ್ಡ್ ಸಾಕು. ವೀಸಾ ಇಲ್ಲದಿದ್ದರೆ ನಿಮ್ಮ ಪಾಲಿಗೆ ರಸ್ತೆಯೇ ಇಲ್ಲ, ಸ್ಕ್ಯಾಗ್ವೇ ಒಂದು ದ್ವೀಪ. ಎದುರಿನ ಹೇನ್ಸ್ ನೀರಿನ ಮೇಲೆ 25 ಕಿ.ಮೀ. ಕೂಡ ಇಲ್ಲ, ರಸ್ತೆಯಲ್ಲಿ ಹೋದರೆ ಕೆನಡಾ ಸುತ್ತಿಕೊಂಡು ಸುಮಾರು 570 ಕಿ.ಮೀ. ಫೆರಿಯಲ್ಲಿ ಹೇನ್ಸ್, ಜೂನೋಗೆ ಹೋಗಲು ಕೆನಡಾದ ಕಾಗದಪತ್ರ ಬೇಡ. ಸಿಯಾಟಲ್ ಕ್ರೂಸ್‌ನವರು ಕೆನಡಾದ ವಿಕ್ಟೋರಿಯಾದಲ್ಲಿ ನಿಲ್ಲಿಸುತ್ತಾರಲ್ಲ, ಅದೂ ಒಂದು ಹಳೆಯ ಕಾನೂನಿನಿಂದ: 1886ರ ಕಾಯ್ದೆಯ ಪ್ರಕಾರ ವಿದೇಶಿ ಹಡಗು ಅಮೆರಿಕದ ಒಂದು ಬಂದರಿನಲ್ಲಿ ಜನರನ್ನು ಹತ್ತಿಸಿಕೊಂಡು ನಡುವೆ ಹೊರದೇಶ ಮುಟ್ಟದೆ ಸುತ್ತಿಸಿ ತರುವಂತಿಲ್ಲ. ಕ್ರೂಸ್‌ಗೆ ಅಂತ ಕೆನಡಾ ವೀಸಾ ಮಾಡಿಸಿದ್ದರೆ ಅದರ ಅವಧಿ ನೋಡಿ, ಬಹುಪ್ರವೇಶದ್ದಾದರೆ ಇಲ್ಲೂ ನಡೆಯುತ್ತದೆ.

ಕೆಲಸದ ಬಗ್ಗೆಯೂ ಎಚ್ಚರ. ಎಚ್‌-1ಬಿಯಲ್ಲಿ ಕೆಲಸದ ಜಾಗ ಸಿಯಾಟಲ್ ಸುತ್ತಮುತ್ತಲಿನ ಪ್ರದೇಶ ಬಿಟ್ಟು ಹೊರಗೆ ಹೋದರೆ ಕಂಪನಿ ಮೊದಲೇ ತಿದ್ದುಪಡಿ ಅರ್ಜಿ ಹಾಕಬೇಕು. ಮನೆಯಿಂದಲೇ ತಾನೇ ಕೆಲಸ ಎಂದು ಸುಮ್ಮನೆ ಹೋಗುವಂತಿಲ್ಲ. ಎಚ್‌ಆರ್ ಜೊತೆ ಮಾತಾಡಿದ ಮೇಲೆಯೇ ಮುಂದಿನದು. ಇಂಟರ್ನೆಟ್ ನಿಮ್ಮ ಚಿಂತೆ ಆಗಬೇಕಿಲ್ಲ. 2016ರಲ್ಲಿ ಜೂನೋದಿಂದ ಹೇನ್ಸ್ ಮೂಲಕ ಸಮುದ್ರದಡಿ ಫೈಬರ್ ಕೇಬಲ್ ಎಳೆದಿದ್ದಾರೆ. ಕರೆಂಟೂ ಚೆನ್ನಾಗಿದೆ: ಬೆಟ್ಟದ ಮೇಲಿನ ಗೋಟ್ ಲೇಕ್ ಎಂಬ ಸರೋವರದ ನೀರಿನಿಂದ 4 ಮೆಗಾವಾಟ್ ಜಲವಿದ್ಯುತ್, ಅದರಲ್ಲೇ ಹೇನ್ಸ್‌ಗೂ ಸಮುದ್ರದಡಿಯಿಂದ ಹೋಗುತ್ತದೆ, ಕೊರತೆ ಬಿದ್ದರೆ ಡೀಸೆಲ್ ಜನರೇಟರ್.

ಊಟದ ಸಾಮಾನು. ದೊಡ್ಡ ಪ್ರಮಾಣದಲ್ಲಿ ಬರುವುದು ಸಿಯಾಟಲ್‌ನಿಂದ ವಾರಕ್ಕೊಮ್ಮೆ ಬರುವ, ಸಪಾಟು ತಳದ ಸರಕು ದೋಣಿಯಾದ ಬಾರ್ಜ್‌ನಲ್ಲಿ. ಬಾರ್ಜ್ ಬಿಚ್ಚಿದ ಮರುದಿನ ತರಕಾರಿ ಕೊಳ್ಳಬೇಕು. ನಾಲ್ಕೈದು ದಿನ ಬಿಟ್ಟು ಹೋದರೆ ಸೊಪ್ಪು ಬಾಡಿರುತ್ತದೆ, ಕೊತ್ತಂಬರಿ ಸಿಗುವುದಿಲ್ಲ. ಗಾಳಿಗೆ ಬಾರ್ಜ್ ತಡವಾದ ವಾರ ಹಾಲು, ಮೊಟ್ಟೆ ಮೊದಲು ಖಾಲಿ. ಊರಿನವರ ಮನೆಯಲ್ಲಿ ಪ್ರತ್ಯೇಕ ಡೀಪ್ ಫ್ರೀಜರ್ ಇದ್ದೇ ಇರುತ್ತದೆ, ನೀವೂ ಮೊದಲು ಅದನ್ನೇ ಹುಡುಕಿ. ತುರಿದ ತೆಂಗಿನಕಾಯಿ, ಕರಿಬೇವು, ಹಸಿಮೆಣಸು ಎಲ್ಲ ಫ್ರೀಜ್ ಮಾಡಿಟ್ಟುಕೊಳ್ಳಬಹುದು. ಅಕ್ಕಿ, ಬೇಳೆ, ಸಾಂಬಾರ್ ಪುಡಿ, ಅವಲಕ್ಕಿ ಇವನ್ನು ಆರು ತಿಂಗಳಿಗಾಗುವಷ್ಟು ಸಿಯಾಟಲ್‌ನಿಂದಲೇ ಕಾರಿನಲ್ಲಿ ತುಂಬಿಕೊಂಡು ಬನ್ನಿ. ಜೂನೋದಲ್ಲಿ ಕಾಸ್ಟ್‌ಕೋ ಎಂಬ ದೊಡ್ಡ ಸಗಟು ಅಂಗಡಿ ಇದೆ, ಫೆರಿಯಲ್ಲಿ ಕಾರು ಹಾಕಿಕೊಂಡು ಹೋಗಿ ತುಂಬಿಕೊಂಡು ಬರುವುದು ಇಲ್ಲಿಯವರ ಪದ್ಧತಿ. ವೈಟ್‌ಹಾರ್ಸ್ 28,000 ಜನರ ಪಟ್ಟಣ, ಅಲ್ಲಿಗೂ ಹೋಗುತ್ತಾರೆ. ಆದರೆ ವಾಪಸು ಬರುವಾಗ ಅಮೆರಿಕ ಕಸ್ಟಮ್ಸ್‌ನವರು ಕಿತ್ತಳೆ, ನಿಂಬೆ ಜಾತಿಯ ಹಣ್ಣು ಬಿಡುವುದಿಲ್ಲ, ಏಕೆಂದರೆ ಅವು ಕೆನಡಾದಲ್ಲಿ ಬೆಳೆದವಲ್ಲ. ಚಿತ್ರಾನ್ನಕ್ಕೆ ನಿಂಬೆ ಊರಿನ ಅಂಗಡಿಯಲ್ಲೇ ತೆಗೆದುಕೊಳ್ಳಿ. ಏನಿದ್ದರೂ ಬಾಯಿಬಿಟ್ಟು ಹೇಳಿ. ಹೇಳಿ ಬಿಸಾಡಿದರೆ ದಂಡ ಇಲ್ಲ, ಮುಚ್ಚಿಟ್ಟು ಸಿಕ್ಕರೆ ದಂಡ.

ಅಂಚೆ ಮನೆಗೆ ಬರುವುದಿಲ್ಲ, ಪೋಸ್ಟ್ ಆಫೀಸಿನಲ್ಲಿ ಬಾಕ್ಸ್ ತೆಗೆದುಕೊಳ್ಳಬೇಕು. ಕೆಲವು ಆನ್‌ಲೈನ್ ಅಂಗಡಿಗಳು ಬಾಕ್ಸ್ ನಂಬರಿಗೆ ಕಳಿಸುವುದಿಲ್ಲ, ಕೊಳ್ಳುವ ಮುಂಚೆ ನೋಡಿ. ಅಂಚೆಯೂ ವಿಮಾನದಲ್ಲೇ ಬರುವುದರಿಂದ ವಿಮಾನ ನಿಂತರೆ ಅದೂ ನಿಂತಿತು. ನಿತ್ಯದ ಮಾತ್ರೆಗಳಿದ್ದರೆ ಒಂದು ತಿಂಗಳ ದಾಸ್ತಾನು ಯಾವಾಗಲೂ ಕೈಯಲ್ಲಿರಲಿ.

ಆಸ್ಪತ್ರೆ ಇಲ್ಲ. ಡಾಲ್ ಮೆಮೋರಿಯಲ್ ಎಂಬ ಕ್ಲಿನಿಕ್ ಇದೆ: ಜ್ವರ, ಗಾಯ, ಹೊಲಿಗೆ, ರಕ್ತಪರೀಕ್ಷೆಯಂಥವು ಅಲ್ಲಿ ಆಗುತ್ತವೆ. ಹೃದಯಾಘಾತ, ಆಪರೇಷನ್, ಹೆರಿಗೆ ಇವಕ್ಕೆಲ್ಲ ಜೂನೋದ ಬಾರ್ಟ್ಲೆಟ್ ಆಸ್ಪತ್ರೆಗೋ ಇನ್ನೂ ದೂರಕ್ಕೋ ಹೋಗಬೇಕು. ಗರ್ಭಿಣಿಯರು ದಿನ ತುಂಬುವ ಕೆಲವು ವಾರ ಮುಂಚೆಯೇ ಹೊರಟುಬಿಡುತ್ತಾರೆ. ಏರ್ ಆಂಬುಲೆನ್ಸ್ ಬಿಲ್ಲು ಹತ್ತಾರು ಸಾವಿರ ಡಾಲರ್ ಆಗಬಹುದು, ಆದ್ದರಿಂದ ಇಲ್ಲಿಯವರು ವರ್ಷದ ಚಂದಾ ಕಟ್ಟಿ ಅದರ ಸದಸ್ಯತ್ವ ಇಟ್ಟುಕೊಳ್ಳುತ್ತಾರೆ. ಯಾವ ಕಂಪನಿಯ ವಿಮಾನ ಸ್ಕ್ಯಾಗ್ವೇಗೆ ಬರುತ್ತದೆ ಎಂದು ಕ್ಲಿನಿಕ್‌ನಲ್ಲಿ ಕೇಳಿಕೊಂಡು ಅದರದ್ದೇ ಮಾಡಿಸಿ. ನಿಮ್ಮಲ್ಲಿ ಯಾರಿಗಾದರೂ ತಿಂಗಳು ತಿಂಗಳು ತಜ್ಞ ವೈದ್ಯರನ್ನು ನೋಡಲೇಬೇಕಾದ ಕಾಯಿಲೆ ಇದ್ದರೆ, ಈ ಊರು ಬೇಡ ಎನ್ನುತ್ತೇನೆ. ಇದರಲ್ಲಿ ನನಗೆ ಎರಡನೇ ಮಾತಿಲ್ಲ.

ಹವೆ ಜನ ಹೆದರಿಸುವಷ್ಟು ಕೆಟ್ಟದಲ್ಲ. ವರ್ಷದ ಮಳೆ-ಹಿಮ ಸೇರಿ 65-70 ಸೆಂ.ಮೀ., ಜೂನೋದ ಅರ್ಧಕ್ಕಿಂತ ಕಡಿಮೆ, ಬೆಂಗಳೂರಿಗಿಂತಲೂ ಕಡಿಮೆ. ಕಾಡುವುದು ಉತ್ತರದ ಗಾಳಿ. ಘಾಟಿಯಿಂದ ಕಣಿವೆಗೆ ನುಗ್ಗಿ ದಿನಗಟ್ಟಲೆ ಬೀಸುತ್ತದೆ, ಹಳೆಯ ಮರದ ಮನೆಗಳಲ್ಲಿ ಕಿಟಕಿ ಸಂದಿಯಿಂದ ಒಳಗೇ ಬರುತ್ತದೆ. ಮನೆ ಬಿಸಿಗೆ ಹೆಚ್ಚಿನವರು ಎಣ್ಣೆ ಸುಡುವ ಟೋಯೋ ಸ್ಟೋವ್ ಬಳಸುತ್ತಾರೆ. ಬಾಡಿಗೆ ಮಾತಾಡುವಾಗ ಎಣ್ಣೆಯ ಖರ್ಚು ಯಾರದು, ಟ್ಯಾಂಕ್ ಎಷ್ಟು ತುಂಬಿದೆ ಎಂದು ಕೇಳಿ. ಚಳಿಗಾಲದಲ್ಲಿ ಅದು ಬಾಡಿಗೆಯ ಪಕ್ಕದ ದೊಡ್ಡ ಖರ್ಚು. ವೈಟ್‌ಹಾರ್ಸ್ ಕಡೆ ಹೋಗುವ ಕಾರಿಗೆ ಚಳಿಯಲ್ಲಿ ಎಂಜಿನ್ ಬಿಸಿಯಾಗಿಡುವ ಬ್ಲಾಕ್ ಹೀಟರ್, ಹಿಮದ ಟೈರು ಬೇಕು, ಘಾಟಿಯ ಆಚೆ ಮೈನಸ್ 30 ಮಾಮೂಲು. ಡಿಸೆಂಬರ್ ಕೊನೆಗೆ ಹಗಲು ಸುಮಾರು ಆರೇ ಗಂಟೆ, ಬೆಟ್ಟದ ಮರೆಯಿಂದ ನೇರ ಬಿಸಿಲು ಇನ್ನೂ ಕಡಿಮೆ. ಜೂನ್‌ನಲ್ಲಿ ಹದಿನೆಂಟೂವರೆ ಗಂಟೆ ಹಗಲು, ಮಲಗುವ ಕೋಣೆಗೆ ಕಪ್ಪು ಪರದೆ ಬೇಕು.

ಚಳಿಗಾಲದಲ್ಲಿ ನೀವು ನೋಡಿದ ಬ್ರಾಡ್‌ವೇಯ ಆಭರಣದ ಅಂಗಡಿಗಳು, ಬಹುತೇಕ ಹೋಟೆಲುಗಳು ಮುಚ್ಚಿರುತ್ತವೆ. ಆಭರಣ ವ್ಯಾಪಾರಿಗಳಲ್ಲಿ ಅನೇಕರು ಆ ಹೊತ್ತಿಗೆ ಹಡಗುಗಳ ಹಿಂದೆಯೇ ಕೆರಿಬಿಯನ್‌ಗೆ ಹೋಗುತ್ತಾರೆ. ತೆರೆದಿರುವುದು ದಿನಸಿ ಅಂಗಡಿ, ಒಂದೆರಡು ಬಾರು, ಗ್ರಂಥಾಲಯ, ಕ್ರೀಡಾ ಕೇಂದ್ರ, ಶಾಲೆ. ಶಾಲೆ ಒಂದೇ, ಚಿಕ್ಕ ಮಕ್ಕಳಿಂದ ಹನ್ನೆರಡನೇ ತರಗತಿ ತನಕ. ಅದರ ಬ್ಯಾಸ್ಕೆಟ್‌ಬಾಲ್ ಪಂದ್ಯಕ್ಕೆ ಮಕ್ಕಳಿಲ್ಲದವರೂ ಬರುತ್ತಾರೆ. ಊರಿನ ಮಾರಾಟ ತೆರಿಗೆಯೂ ಋತು ನೋಡಿಯೇ ಇದೆ, ಬೇಸಿಗೆಯ ಅರ್ಧವರ್ಷ 5 ಶೇಕಡಾ, ಚಳಿಗಾಲದ ಅರ್ಧವರ್ಷ 3: ಹೊರೆ ಪ್ರವಾಸಿಗಳ ಮೇಲೆ ಬೀಳಲಿ, ಊರಿನವರ ಮೇಲೆ ಕಡಿಮೆ ಇರಲಿ ಎಂಬ ಲೆಕ್ಕ. ಅಲಾಸ್ಕಾದಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ.

ಒಂಟಿಯಾಗಿರಲು ಇಷ್ಟ ಅಂತ ಹೋದವರಿಗಿಂತ ಅಗ್ನಿಶಾಮಕ ಸ್ವಯಂಸೇವೆ, ಗ್ರಂಥಾಲಯ, ಸ್ಕೀ ಓಟದ ಏರ್ಪಾಡು ಹೀಗೆ ಯಾವುದರಲ್ಲಾದರೂ ಕೈಜೋಡಿಸಿದವರು ಜನವರಿ ದಾಟುತ್ತಾರೆ.

ಇನ್ನು ಮನೆ. ಇರುವ ಕೋಣೆಗಳನ್ನೆಲ್ಲ ಬೇಸಿಗೆಯಲ್ಲಿ ಟೂರ್ ಕಂಪನಿಗಳು ತಮ್ಮ ಕೆಲಸಗಾರರಿಗೆ ಹಿಡಿದಿಟ್ಟುಕೊಂಡಿರುತ್ತವೆ. ಉಳಿದವರು ವ್ಯಾನಿನಲ್ಲಿ, ವಾಸದ ಗಾಡಿಗಳನ್ನು ನಿಲ್ಲಿಸುವ ಆರ್‌ವಿ ಪಾರ್ಕಿನಲ್ಲಿ ಇರುತ್ತಾರೆ. ಅಕ್ಟೋಬರ್ ನಂತರ ಮನೆ ಸುಲಭವಾಗಿ, ಕಡಿಮೆ ಬಾಡಿಗೆಗೆ ಸಿಗುತ್ತದೆ, ಆದರೆ ಏಪ್ರಿಲ್‌ಗೆ ಖಾಲಿ ಮಾಡಬೇಕು ಎಂಬ ಕರಾರಿನ ಮೇಲೆ. ಇದನ್ನು ತಿಳಿಯದೆ ಸೆಪ್ಟೆಂಬರ್‌ನಲ್ಲಿ ಹೋಗಿ, ಏಳು ತಿಂಗಳಾದ ಮೇಲೆ ಸಾಮಾನು ಕಟ್ಟಿಕೊಂಡು ಬೀದಿಗೆ ಬೀಳುವುದೇ ಹೊಸಬರ ಕಥೆ. ನೀವು ಹನ್ನೆರಡು ತಿಂಗಳ ಕರಾರು ಲಿಖಿತವಾಗಿ ಕೊಡುವವರನ್ನೇ ಹುಡುಕಿ. ಫೆಬ್ರವರಿ ಕೊನೆಗೆ ಒಂದು ವಾರ ಬಂದು ಊರಲ್ಲೇ ಇದ್ದು, ಅಂಗಡಿಯ ಮತ್ತು ಪೋಸ್ಟ್ ಆಫೀಸಿನ ನೋಟಿಸ್ ಬೋರ್ಡ್ ನೋಡಿ, ಕ್ಲಿನಿಕ್‌ನಲ್ಲೂ ಗ್ರಂಥಾಲಯದಲ್ಲೂ ಕೇಳಿ. ಜಾಹೀರಾತಿಗೆ ಬರುವ ಮನೆಗಿಂತ ಬಾಯಿಮಾತಲ್ಲಿ ಸಿಗುವ ಮನೆ ಹೆಚ್ಚು. ಆ ಹನ್ನೆರಡು ತಿಂಗಳ ಕರಾರಿನ ಕಾಗದ ಕೈಗೆ ಬರುವ ತನಕ ಸಿಯಾಟಲ್ ಮನೆಯ ಲೀಸ್ ಬಿಡಬೇಡಿ.