ಬೆಟ್ಟ ಬೋಳಾದದ್ದು ಕೊಡಲಿಯಿಂದ ಮಾತ್ರವಲ್ಲ

ಮಾನ್ಯರೇ,

ನೇಪಾಳದ ಮಧ್ಯಬೆಟ್ಟಗಳ ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ, ‘ಕಾಡು ಉಳಿಯಬೇಕಾದರೆ ಮೊದಲು ಜನರನ್ನು ಹೊರಗಿಟ್ಟು ಬೇಲಿ ಹಾಕಬೇಕು’ ಎಂದು ಬರೆದಿದ್ದೀರಿ. ಕಾಡಿನ ಬಗೆಗಿನ ನಿಮ್ಮ ಸಂಕಟ ನನ್ನದೂ ಹೌದು. ಬೇಲಿಯ ಮಾತನ್ನು ಮಾತ್ರ ಒಪ್ಪಲಾರೆ.

ಅಲ್ಲಿನ ಹಲವು ಹಳ್ಳಿಗಳು ಹಿಂದೆ ತಾವೇ ಕಾವಲುಗಾರನನ್ನು ನೇಮಿಸಿಕೊಂಡು, ಮನೆಮನೆಯಿಂದ ಮಾನಾ, ಪಾಥಿ ಲೆಕ್ಕದಲ್ಲಿ ಧಾನ್ಯ ಅಳೆದು ಕೊಡುತ್ತಿದ್ದವು. ನಮ್ಮ ಸೇರು, ಕೊಳಗದ ಹಾಗೆ. 1957ರಲ್ಲಿ ಸರ್ಕಾರ ಖಾಸಗಿ ಕಾಡುಗಳನ್ನು ರಾಷ್ಟ್ರೀಕರಿಸಿತು. ಕಾಡು ಇನ್ನು ನಮ್ಮದಲ್ಲ ಎಂದುಕೊಂಡವರು ಅದನ್ನು ಕಾಯುವುದನ್ನೂ ಬಿಟ್ಟರು. ಎಲ್ಲ ಕಡೆಯೂ ಹೀಗೇ ಆಯಿತೆನ್ನಲಾರೆ, ಆದರೆ ಆದ ಕಡೆ ಗುಡ್ಡ ಬರಿದಾಯಿತು. 1978ರಲ್ಲಿ ಪಂಚಾಯತಿಗಳಿಗೆ, 1993ರ ಕಾಯಿದೆಯಿಂದ ನೇರವಾಗಿ ಬಳಕೆದಾರರ ಗುಂಪುಗಳಿಗೆ ಕಾಡಿನ ಹೊಣೆ ಬಂತು. ನೆಲ ಸರ್ಕಾರದ್ದೇ; ಕಾಯುವುದು, ಕಡಿಯುವುದು, ಮಾರುವುದು ಗುಂಪಿನದು. ಇಂದು ಅಂಥ 22,000ಕ್ಕೂ ಹೆಚ್ಚು ಗುಂಪುಗಳಿವೆ. ಉಪಗ್ರಹ ಚಿತ್ರಗಳ ಅಧ್ಯಯನವೊಂದರ ಪ್ರಕಾರ 1992ರಲ್ಲಿ ದೇಶದ ಶೇ. 26ರಷ್ಟಿದ್ದ ಕಾಡು 2016ಕ್ಕೆ ಶೇ. 45 ಆಯಿತು.

ಸಿಂಧುಪಾಲ್ಚೋಕ್, ಕಾಭ್ರೆ ಜಿಲ್ಲೆಗಳ ಬೋಳು ಇಳಿಜಾರುಗಳಲ್ಲಿ ನೆಟ್ಟದ್ದು ಪೈನ್. ದನ ನುಗ್ಗದಂತೆ ಊರವರು ಕಾದಾಗ ಅದರ ನೆರಳಿನಲ್ಲಿ ಅಲ್ಲಿನದೇ ಅಗಲ ಎಲೆಯ ಚಿಲಾವ್ನೆ, ಕಟುಸ್ ಗಿಡಗಳು ತಾವಾಗಿಯೇ ಚಿಗುರಿದವು. ಹೆಂಗಸರು ನಾಮ್ಲೋ ಪಟ್ಟಿಯನ್ನು ಹಣೆಗೆ ಕೊಟ್ಟು, ಬೆನ್ನಿನ ಡೋಕೋ ಬುಟ್ಟಿಯಲ್ಲಿ ಒಣಎಲೆ ಹೊತ್ತು ಇಳಿಯುತ್ತಾರೆ. ಅದು ಕೊಟ್ಟಿಗೆಗೆ ಹಾಸಾಗಿ, ಗೊಬ್ಬರವಾಗಿ, ಮೆಕ್ಕೆಜೋಳದ ಹೊಲ ಸೇರುತ್ತದೆ. ಸೊಪ್ಪಿನಬೆಟ್ಟದಿಂದ ದರಕು ತಂದು ತೋಟ ಮಾಡಿದ ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಲೇಖನದಲ್ಲಿ ಒಂದು ಕೊರತೆ ಇತ್ತು, ಅದು ನನ್ನ ತಪ್ಪು. ಕಮ್ಮಾರಿಕೆಯ ಕಾಮಿ ದಲಿತರ ಮಾತು ಅದರಲ್ಲಿ ಬರಬೇಕಿತ್ತು. ಗುಂಪುಗಳ ಎಷ್ಟೋ ಸಮಿತಿಗಳು ಉಳ್ಳವರ ಕೈಯಲ್ಲಿದ್ದವು. ಅವರಿಗೆ ತಮ್ಮ ಗದ್ದೆಯ ಬದುವಿನಲ್ಲೇ ಮರಗಳಿದ್ದವು, ಆದ್ದರಿಂದ ಕಾಡು ಮುಚ್ಚುವುದು ಕಷ್ಟವೆನಿಸಲಿಲ್ಲ. ಇದ್ದಲು ಸುಡುವುದನ್ನು ನಿಷೇಧಿಸಿದಾಗ ಕುಲುಮೆ ತಣ್ಣಗಾದದ್ದು ಕಾಮಿಯದು. ಗುಂಪಿನ ಆದಾಯದಲ್ಲಿ ಶೇ. 35 ಬಡವರಿಗೆ, ಸಮಿತಿಯಲ್ಲಿ ಅರ್ಧ ಸ್ಥಾನ ಹೆಂಗಸರಿಗೆ ಎಂಬ ಮಾರ್ಗಸೂಚಿ ಬಂದದ್ದು 2009ರಲ್ಲಿ. ನೀವು ಹೇಳುವ ಬೇಲಿಯನ್ನು ಮೊದಲು ಅನುಭವಿಸಿದವರು ಈ ಕಾಮಿಗಳು. ಬೇಲಿಯ ಮಾತು ನನ್ನನ್ನು ಅಷ್ಟು ನೋಯಿಸಿದ್ದು ಇದಕ್ಕೇ.

ಈಗ ಊರಿನ ಹುಡುಗರು ಕೊಲ್ಲಿ ದೇಶಗಳಿಗೆ, ಮಲೇಷ್ಯಾಕ್ಕೆ ದುಡಿಯಲು ಹೋಗಿದ್ದಾರೆ. ಬೀಳುಬಿದ್ದ ಗದ್ದೆಗಳಲ್ಲೂ ಮರ ಎದ್ದಿದೆ. ಹಸಿರು ಹೆಚ್ಚಿದ್ದರಲ್ಲಿ ಅದರ ಪಾಲೂ ಇದೆ. ಆದರೆ ಗುಡಿಸುವವರಿಲ್ಲದೆ ಪೈನ್ ಎಲೆ ರಾಶಿ ಬಿದ್ದಿರುತ್ತದೆ. ಚೈತ್ರ, ವೈಶಾಖದಲ್ಲಿ ಅದಕ್ಕೆ ಬೆಂಕಿ ತಗುಲಿದಾಗ, ಹಸಿ ಕೊಂಬೆ ಮುರಿದುಕೊಂಡು ಆರಿಸಲು ಓಡುವವರು ಊರಿನಲ್ಲಿ ಉಳಿದ ಹೆಂಗಸರು, ಮುದುಕರು.

— ಸಂಪಾದಕ