ವಾಗ್ದಾನದ ವಚನ ಎಷ್ಟು ಓದಿದರೂ ಧೈರ್ಯ ಬರುತ್ತಿಲ್ಲ. ಕಷ್ಟದಲ್ಲಿ ಬೈಬಲ್ ಹೇಗೆ ಓದಬೇಕು?

ತೊಂದರೆ ಬಹಳ ಸಲ ವಿಶ್ವಾಸದಲ್ಲಲ್ಲ, ಓದುವ ರೀತಿಯಲ್ಲಿರುತ್ತದೆ. ಕ್ಯಾಲೆಂಡರ್, ವಾಟ್ಸಾಪ್ ಎಲ್ಲೆಡೆ ಓಡಾಡುವ ಯೆರೆಮೀಯ 29:11 ತೆಗೆದುಕೊಳ್ಳಿ: ನಿಮಗೆ ಒಳ್ಳೆಯ ಭವಿಷ್ಯ, ನಿರೀಕ್ಷೆ ಕೊಡುತ್ತೇನೆ ಎಂಬ ದೇವರ ಮಾತು. ಅದು ಬಾಬೆಲಿಗೆ (ಬ್ಯಾಬಿಲೋನ್) ಸೆರೆಹೋದ ಯೆಹೂದ್ಯರಿಗೆ ಪ್ರವಾದಿ ಯೆರೆಮೀಯ ಬರೆದ ಪತ್ರದ ಸಾಲು. ಹಿಂದಿನ ವಚನದಲ್ಲೇ, 70 ವರ್ಷ ಮುಗಿದ ಮೇಲೆ ಊರಿಗೆ ಮರಳಿಸುತ್ತೇನೆ ಎಂಬ ಮಾತಿದೆ. 5ನೇ ವಚನ ಅಲ್ಲೇ ಮನೆ ಕಟ್ಟಿ, ತೋಟ ಮಾಡಿಕೊಳ್ಳಿ ಅನ್ನುತ್ತದೆ. ಇದನ್ನು ಮುಂದಿನ ವಾರದ ಇಂಟರ್‌ವ್ಯೂಗೆ ಗ್ಯಾರಂಟಿ ಅಂದುಕೊಂಡರೆ, ಕೆಲಸ ಸಿಗದ ದಿನ ದೇವರೇ ಮಾತು ತಪ್ಪಿದಂತೆ ಕಾಣುತ್ತದೆ. ಆದ್ದರಿಂದ ಯಾವ ವಚನವನ್ನೂ ಒಂಟಿಯಾಗಿ ಓದಬೇಡಿ, ಇಡೀ ಅಧ್ಯಾಯ ಓದಿ.

ಪ್ರಾರ್ಥನೆಗೆ 13ನೇ ಕೀರ್ತನೆ ಹಿಡಿಯಿರಿ. ಆರೇ ವಚನ. ಮೊದಲ ಎರಡರಲ್ಲಿ ‘ಇನ್ನೆಷ್ಟು ಕಾಲ’ ಎಂಬ ದೂರು ನಾಲ್ಕು ಸಲ ಬರುತ್ತದೆ. ಅಲ್ಲಿ ನಿಲ್ಲಿಸಿ, ನಿಮ್ಮ ದೂರನ್ನು ಮನೆಮಾತಿನಲ್ಲೇ ಬಾಯಿಬಿಟ್ಟು ಹೇಳಿ: ಸಾಲದ ಕಂತು, ಆಸ್ಪತ್ರೆಯ ರಿಪೋರ್ಟು, ಏನಿದೆಯೋ ಅದು. 3, 4 ಓದಿ ಒಂದೇ ಒಂದು ಬೇಡಿಕೆ ಇಡಿ. 5, 6 ಭರವಸೆಯ ಮಾತು. ಮನಸ್ಸು ಒಪ್ಪದಿದ್ದರೂ ಓದಿ ಮುಗಿಸಿ. ಒಂದು ವಾರ ಇದೇ ಕೀರ್ತನೆ ಸಾಕು. ಸಾಮಾನ್ಯವಾಗಿ ಆಗುವ ತಪ್ಪೆಂದರೆ ದೂರನ್ನು ನುಂಗಿ ನೇರ ಸ್ತೋತ್ರಕ್ಕೆ ಹಾರುವುದು. ಅದು ದೀನತೆಯಲ್ಲ, ನಟನೆ. ಸ್ತೋತ್ರ ಬಾರದ ದಿನಕ್ಕೆ 88ನೇ ಕೀರ್ತನೆ ಇದೆ, ಅದು ಮುಗಿಯುವುದೇ ಕತ್ತಲಲ್ಲಿ.

ವಿಶ್ವಾಸ ತೋರಿಸಲೆಂದು ಮಾತ್ರೆ ನಿಲ್ಲಿಸಬೇಡಿ. ಹೊಟ್ಟೆಯ ತೊಂದರೆಗೆ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎಂದು ಅಪೊಸ್ತಲ ಪೌಲನೇ ತನ್ನ ಜೊತೆಸೇವಕ ತಿಮೊಥೆಯನಿಗೆ ಬರೆದಿದ್ದಾನೆ (1 ತಿಮೊಥೆಯ 5:23).