ಸಭಾಂಗಣದ ಫೋಟೋಗಳೆಲ್ಲ ಕಾಳುಕಾಳಾಗಿ ಬರುತ್ತಿವೆ, ಫುಲ್ ಫ್ರೇಮ್ ಕ್ಯಾಮೆರಾ ಕೊಳ್ಳಲೇ?

24 ಮೆಗಾಪಿಕ್ಸೆಲ್‌ನ ಕ್ರಾಪ್ ಸೆನ್ಸರ್ (ಚಿತ್ರ ಹಿಡಿಯುವ ಚಿಪ್ ಸಣ್ಣದಿರುವ) ಬಾಡಿ, ಜೊತೆಗೇ ಬಂದ 18-55 ಎಂಎಂ ಲೆನ್ಸ್, ಒಂದು 55-250, ಮಬ್ಬು ಬೆಳಕಿನ ವೇದಿಕೆ, ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 6400. ನೀವು ಬರೆದಿರುವ ಈ ಪಟ್ಟಿ ಒಂದು ಕಾಲಕ್ಕೆ ನನ್ನದೇ ಆಗಿತ್ತು. ಕೂಡಿಟ್ಟ ಹಣವನ್ನೆಲ್ಲ ದೊಡ್ಡ ಸೆನ್ಸರ್‌ನ ಫುಲ್ ಫ್ರೇಮ್ ಬಾಡಿ ಮೇಲೆ ಸುರಿದೆ, ಲೆನ್ಸ್ ಆಮೇಲೆ ನೋಡಿಕೊಂಡರಾಯಿತು ಅಂದುಕೊಂಡೆ. ನೀವೂ ಈಗ "ಸದ್ಯಕ್ಕೆ ಬಾಡಿ ಮಾತ್ರ" ಅಂತಿದ್ದೀರಿ. ದಯವಿಟ್ಟು ಬೇಡ.

ಆದದ್ದು ಇಷ್ಟು. ಹಳೆಯ 18-55 ಅನ್ನು ಹೊಸ ಬಾಡಿಯಲ್ಲಿ ಕೂರಿಸಿದ ಕೂಡಲೇ ಕ್ಯಾಮೆರಾ ಅದು ಸಣ್ಣ ಸೆನ್ಸರ್‌ನ ಲೆನ್ಸ್ ಅಂತ ಗುರುತಿಸಿ ತಾನಾಗಿಯೇ ಸೆನ್ಸರ್‌ನ ನಡುಭಾಗವನ್ನಷ್ಟೇ ಬಳಸುವ ಕ್ರಾಪ್ ಮೋಡ್‌ಗೆ ಹೋಯಿತು. ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ಕ್ಯಾಮೆರಾದ ವ್ಯೂಫೈಂಡರ್ ಆ ನಡುವಿನ ತುಂಡನ್ನೇ ಹಿಗ್ಗಿಸಿ ತೋರಿಸುವುದರಿಂದ ಕಣ್ಣಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ. ಕಂಪ್ಯೂಟರ್‌ನಲ್ಲಿ ತೆರೆದಾಗ 6000×4000 ಇರಬೇಕಾದ ಫೈಲ್ 3936×2624 ಇತ್ತು. 24 ಮೆಗಾಪಿಕ್ಸೆಲ್ ಹೋಗಿ ಹತ್ತು ಚಿಲ್ಲರೆ ಉಳಿದಿತ್ತು. ನಾಯ್ಸ್, ಅಂದರೆ ಆ ಕಾಳುಕಾಳು, ಮಾತ್ರ ಹಳೆಯ ಕ್ಯಾಮೆರಾದಲ್ಲಿ ಇದ್ದಷ್ಟೇ.

ಯಾಕೆ ಹೀಗೆ ಅನ್ನುವುದನ್ನು ಬಿಡಿಸಿ ಹೇಳಲೇಬೇಕು, ಏಕೆಂದರೆ ಇದು ಗೊತ್ತಿದ್ದರೆ ನನ್ನ ಹಣ ಉಳಿಯುತ್ತಿತ್ತು. ಫುಲ್ ಫ್ರೇಮ್ ಸೆನ್ಸರ್ 36×24 ಎಂಎಂ. ನಿಮ್ಮದು ಸುಮಾರು 23.5×15.6 ಎಂಎಂ (ಕ್ಯಾನನ್ ಆದರೆ ಇನ್ನೂ ಸ್ವಲ್ಪ ಚಿಕ್ಕದು). ವಿಸ್ತೀರ್ಣ ಎರಡೂಕಾಲು ಪಟ್ಟಿಗಿಂತ ತುಸು ಹೆಚ್ಚು, ಅಂದರೆ 1.2 ಸ್ಟಾಪ್‌ನಷ್ಟು ಹೆಚ್ಚು ಬೆಳಕು (ಒಂದು ಸ್ಟಾಪ್ ಹೆಚ್ಚಿದರೆ ಬೆಳಕು ಎರಡು ಪಟ್ಟು). ದೊಡ್ಡ ಸೆನ್ಸರ್‌ನಲ್ಲಿ ನಾಯ್ಸ್ ಕಡಿಮೆ ಕಾಣುವುದಕ್ಕೆ ಮುಖ್ಯ ಕಾರಣವೇ ಈ ಹೆಚ್ಚಿನ ಬೆಳಕು. ಅದು ಸಿಗಬೇಕಾದರೆ ಇಡೀ ಸೆನ್ಸರ್ ಮೇಲೆ ಬೆಳಕು ಬೀಳಬೇಕು, ಇಡೀ ಸೆನ್ಸರ್ ಬಳಕೆಯಾಗಬೇಕು. ಕ್ರಾಪ್ ಮೋಡ್‌ನಲ್ಲಿ ಅಂಚೆಲ್ಲ ಕಸಕ್ಕೆ ಹೋಗಿ, ಉಳಿಯುವುದು ಹಳೆಯ ಕ್ಯಾಮೆರಾದಷ್ಟೇ ಜಾಗ, ಅಷ್ಟೇ ಬೆಳಕು. ಕ್ರಾಪ್ ಮೋಡ್ ಆಫ್ ಮಾಡಿದರೆ ನಾಲ್ಕೂ ಮೂಲೆ ಕಪ್ಪಗಾಗುತ್ತವೆ, ಏಕೆಂದರೆ ಲೆನ್ಸ್ ಮೂಡಿಸುವ ಬಿಂಬದ ವೃತ್ತ ಅಷ್ಟು ಅಗಲ ಇಲ್ಲ. ಇನ್ನು ಕ್ಯಾನನ್‌ನ ಇಎಫ್-ಎಸ್ ಲೆನ್ಸ್‌ಗಳು ಅದೇ ಕಂಪನಿಯ ಫುಲ್ ಫ್ರೇಮ್ ಡಿಎಸ್ಎಲ್ಆರ್‌ನಲ್ಲಿ (ಕನ್ನಡಿ ಇರುವ ಕ್ಯಾಮೆರಾದಲ್ಲಿ) ಕೂರುವುದೇ ಇಲ್ಲ.

ಅಲ್ಲಿಗೂ ನಿಲ್ಲಲಿಲ್ಲ ನಾನು. ಫುಲ್ ಫ್ರೇಮ್‌ಗೆಂದೇ ಇರುವ 28-70 ಎಫ್/3.5-5.6 ತೆಗೆದುಕೊಂಡೆ (ಎಫ್ ಸಂಖ್ಯೆ ಲೆನ್ಸ್‌ನ ಕಿಂಡಿಯ, ಅಂದರೆ ಅಪರ್ಚರ್‌ನ, ಅಳತೆ; ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು). ಆಗ ಆ 1.2 ಸ್ಟಾಪ್ ನಿಜಕ್ಕೂ ಬಂತು: ಐಎಸ್ಒ 6400ರ ಚಿತ್ರ ಹಳೆಯ ಕ್ಯಾಮೆರಾದ 2800ರ ಹಾಗೆ ಕಂಡಿತು. ಎಲ್ಲ ಖರ್ಚಿಗೂ ಸಿಕ್ಕಿದ್ದು ಅಷ್ಟೇ. ಈಗ ಇನ್ನೊಂದು ಲೆಕ್ಕ ನೋಡಿ. 18-55 ಅನ್ನು 50ರ ಹತ್ತಿರ ತಿರುಗಿಸಿದರೆ ಅಪರ್ಚರ್ ಎಫ್/5.6. ಅದೇ ಹಳೆಯ ಬಾಡಿಯಲ್ಲಿ 50ಎಂಎಂ ಎಫ್/1.8 ಹಾಕಿದರೆ ಸುಮಾರು ಹತ್ತು ಪಟ್ಟು ಬೆಳಕು, 3.3 ಸ್ಟಾಪ್. ಅದೇ ಶಟರ್ ವೇಗದಲ್ಲಿ 6400 ಇದ್ದದ್ದು 640ಕ್ಕೆ ಇಳಿಯುತ್ತದೆ. ಸುಮಾರಾಗಿ ಎಲ್ಲ ಕಂಪನಿಯವರ ಪಟ್ಟಿಯಲ್ಲೂ ತೀರಾ ಅಗ್ಗದ ಲೆನ್ಸ್‌ಗಳಲ್ಲಿ ಇದೂ ಒಂದು.

ಹಾಗಾಗಿ "ಅಪ್‌ಗ್ರೇಡ್" ಅನ್ನುವ ಪದವನ್ನೇ ನಾನು ಒಪ್ಪುವುದಿಲ್ಲ. ಫುಲ್ ಫ್ರೇಮ್ ಮೇಲಿನ ಮೆಟ್ಟಿಲಲ್ಲ, ಬೇರೆ ಸಾಧನ. ಕ್ರಾಪ್ ಬಾಡಿಯ 17-50 ಎಫ್/2.8 ಕೊಡುವ ನೋಟ, ಹಿನ್ನೆಲೆ ಮಸುಕು, ನಾಯ್ಸ್ ಎಲ್ಲವೂ ಫುಲ್ ಫ್ರೇಮ್‌ನ 24-70 ಎಫ್/4ಕ್ಕೆ ಹೆಚ್ಚುಕಡಿಮೆ ಸಮ. ಹಕ್ಕಿಗಳ ಫೋಟೋ ಕೂಡ ತೆಗೆಯುತ್ತೇನೆ ಅಂದಿದ್ದೀರಲ್ಲ, ಅಲ್ಲಂತೂ 24 ಮೆಗಾಪಿಕ್ಸೆಲ್‌ನ ಫುಲ್ ಫ್ರೇಮ್ ಹಿಂದಕ್ಕೇ ಎಳೆಯುತ್ತದೆ. ಅದೇ ಲೆನ್ಸ್, ಅದೇ ದೂರದಲ್ಲಿ ಈಗ 1000 ಪಿಕ್ಸೆಲ್ ಉದ್ದ ಬರುವ ಹಕ್ಕಿ ಅಲ್ಲಿ 650 ಪಿಕ್ಸೆಲ್ ಬರುತ್ತದೆ.

ಎಫ್/1.8ಕ್ಕೂ ತನ್ನದೇ ತೊಂದರೆ ಇದೆ. 3 ಮೀಟರ್ ದೂರದಲ್ಲಿ 50ಎಂಎಂನಲ್ಲಿ ಸ್ಪಷ್ಟವಾಗಿ ಬರುವ ಆಳ ಸುಮಾರು 25 ಸೆಂಟಿಮೀಟರ್. ಹಿಂದೆ ಮುಂದೆ ಎರಡು ಸಾಲಲ್ಲಿ ನಿಂತವರಲ್ಲಿ ಒಂದು ಸಾಲು ಮಸುಕಾಗುತ್ತದೆ. ಗುಂಪಿಗೆ ಎಫ್/4ಕ್ಕೆ ಹೋಗಿ, ಅಥವಾ ಹಿಂದೆ ಸರಿಯಿರಿ. ವೇದಿಕೆ 15 ಮೀಟರ್ ದೂರ ಇದ್ದರೆ 85ಎಂಎಂ ಎಫ್/1.8 ನೋಡಿ: ಕ್ರಾಪ್ ಬಾಡಿಯಲ್ಲಿ ಅಡ್ಡಕ್ಕೆ 4 ಮೀಟರ್‌ನಷ್ಟು ವೇದಿಕೆ ಹಿಡಿಯುತ್ತದೆ, ನಿಂತವರು ತಲೆಯಿಂದ ಕಾಲಿನವರೆಗೆ ಪೂರ್ತಿ ಬರುತ್ತಾರೆ. ನಿಮ್ಮ 55-250 ಅನ್ನು ಸಭಾಂಗಣಕ್ಕೆ ಒಯ್ಯಲೇಬೇಡಿ, ಉದ್ದ ತುದಿಯಲ್ಲಿ ಅದೂ ಎಫ್/5.6.

ಏನನ್ನೇ ಕೊಳ್ಳುವ ಮೊದಲು ಹಾಳಾದ ಫೋಟೋಗಳನ್ನು ಸಾಲಾಗಿಟ್ಟು ಅವುಗಳ ಶಟರ್, ಅಪರ್ಚರ್, ಐಎಸ್ಒ ನೋಡಿ. 1/60 ಸೆಕೆಂಡಿನಲ್ಲಿ ಕುಣಿಯುವ ಕೈಕಾಲು ಎಳೆದ ಹಾಗಿದ್ದರೆ ಅದು ಶಟರ್ ಸಮಸ್ಯೆ: ನಿಂತು ಮಾತಾಡುವವರಿಗೆ 1/125, ಕುಣಿಯುವವರಿಗೆ 1/500 ಬೇಕು. ಐಎಸ್ಒ ಏರಿಸಲು ಹೆದರಿ 1600ರಲ್ಲಿ ಕತ್ತಲಾಗಿ ತೆಗೆದು, ಆಮೇಲೆ ಎರಡು ಸ್ಟಾಪ್ ಮೇಲೆತ್ತಿದ್ದರೆ ನಾಯ್ಸ್ ಕಡಿಮೆಯಾಗಿರುವುದಿಲ್ಲ, ಹಲವು ಕ್ಯಾಮೆರಾಗಳಲ್ಲಿ ಹೆಚ್ಚೇ ಆಗಿರುತ್ತದೆ. ಹಿನ್ನೆಲೆ ಪೂರ್ತಿ ಕಪ್ಪಗಿದ್ದು ಮುಖದ ಮೇಲೆ ಮಾತ್ರ ಸ್ಪಾಟ್‌ಲೈಟ್ ಇದ್ದರೆ ಕ್ಯಾಮೆರಾದ ಬೆಳಕಿನ ಮೀಟರ್ ಮೋಸಹೋಗಿ ಮುಖವನ್ನು ಬೆಳ್ಳಗೆ ಸುಟ್ಟುಬಿಡುತ್ತದೆ. ಎಕ್ಸ್‌ಪೋಶರ್ ಕಾಂಪೆನ್ಸೇಶನ್ (ಚಿತ್ರ ಎಷ್ಟು ಬೆಳ್ಳಗೆ ಬರಬೇಕೆನ್ನುವ ಸೆಟ್ಟಿಂಗ್) -1ರಿಂದ -1.5ಕ್ಕೆ ಇಳಿಸಿ. ಐಎಸ್ಒ ಆಟೋದಲ್ಲಿದ್ದರೆ ಅದರಿಂದ ಅದೂ ಇಳಿಯುತ್ತದೆ. ಕ್ಯಾಮೆರಾ ಸಂಸ್ಕರಿಸದ ರಾ ಫೈಲ್‌ನಲ್ಲೇ ತೆಗೆಯಿರಿ.

ಎಫ್/1.8 ಹಾಕಿ, 1/250 ಇಟ್ಟು, ಆಗಲೂ 6400 ದಾಟುತ್ತಿದೆ ಅಂದರೆ ಫುಲ್ ಫ್ರೇಮ್ ನಿಮಗೆ ನಿಜವಾಗಿ ಬೇಕು. ನಕ್ಷತ್ರಗಳ ಫೋಟೋಗೆ, ಅಗಲ ನೋಟದಲ್ಲೂ ದೊಡ್ಡ ಅಪರ್ಚರ್ ಬೇಕೆನ್ನುವವರಿಗೆ ಕೂಡ. ಆಗಲೂ ಬಾಡಿ ಕೊನೆಗೆ. 50 ಮತ್ತು 85ರಲ್ಲಿ ಫುಲ್ ಫ್ರೇಮ್‌ಗೂ ಸಲ್ಲುವ ಲೆನ್ಸ್‌ಗಳನ್ನೇ ಆರಿಸಿಕೊಂಡರೆ ಅವು ಇಂದು ಕ್ರಾಪ್ ಬಾಡಿಯಲ್ಲಿ ದುಡಿಯುತ್ತವೆ, ನಾಳೆ ಹೊಸದಕ್ಕೂ ಬರುತ್ತವೆ. ಡಿಎಸ್ಎಲ್ಆರ್‌ನಿಂದ ಮಿರರ್‌ಲೆಸ್‌ಗೆ ಹೋಗುವುದಾದರೆ ಹಳೆಯ ಲೆನ್ಸನ್ನು ಹೊಸ ಬಾಡಿಗೆ ಜೋಡಿಸುವ ಅಡಾಪ್ಟರ್ ಲೆಕ್ಕ ಮೊದಲೇ ಮಾಡಿ. ನಿಕಾನ್‌ನ ಹಳೆಯ ಎಎಫ್-ಡಿ ಲೆನ್ಸ್‌ಗಳೊಳಗೆ ಫೋಕಸ್ ಮೋಟಾರ್ ಇಲ್ಲ, ನಿಕಾನ್ ಮಿರರ್‌ಲೆಸ್‌ನ ಎಫ್‌ಟಿಜೆಡ್ ಅಡಾಪ್ಟರ್‌ನಲ್ಲಿ ಅವು ಆಟೋಫೋಕಸ್ ಆಗುವುದಿಲ್ಲ.

ತೂಕವನ್ನೂ ನೋಡಿ: ಫುಲ್ ಫ್ರೇಮ್‌ನ 70-200 ಎಫ್/2.8 ಒಂದು ಕಿಲೋಗಿಂತ ಹೆಚ್ಚೇ ಇರುವುದು ಸಾಮಾನ್ಯ, ಮೂರು ಗಂಟೆಯ ಕಾರ್ಯಕ್ರಮದಲ್ಲಿ ಅದು ಮಣಿಕಟ್ಟಿಗೆ ಗೊತ್ತಾಗುತ್ತದೆ.

ಸಾಧ್ಯವಾದರೆ ಫುಲ್ ಫ್ರೇಮ್ ಬಾಡಿಯನ್ನೂ ಅದರದೇ ಲೆನ್ಸನ್ನೂ ಒಂದು ದಿನಕ್ಕೆ ಬಾಡಿಗೆ ತನ್ನಿ. 50 ಎಫ್/1.8 ಹಾಕಿದ ನಿಮ್ಮ ಬಾಡಿಯನ್ನೂ ಒಯ್ದು, ಒಂದೇ ವೇದಿಕೆಯನ್ನು ಒಂದೇ ಶಟರ್ ವೇಗದಲ್ಲಿ ಎರಡರಲ್ಲೂ ತೆಗೆಯಿರಿ. ಹೋಲಿಸುವಾಗ 100 ಶೇಕಡಾ ಹಿಗ್ಗಿಸಬೇಡಿ. ಎರಡನ್ನೂ ನೀವು ಪ್ರಿಂಟ್ ಹಾಕಿಸುವ ಅಳತೆಗೆ ತಂದು ಅಕ್ಕಪಕ್ಕ ಇಟ್ಟು ನೋಡಿ.